ಹಲ್ಲು ಮೂಡದ ಕೈ

ತ್ಬಿಲಿಸಿಯ ರೈಲು ನಿಲ್ದಾಣ, ನೆಲದಡಿಯ ದಾರಿ.
ಮೂರಡಿ ಅಗಲದ ತಗಡಿನ ಗೂಡಿನಲ್ಲಿ ಚಿಯಾಲಾ.
ಅವಳ ಬೆನ್ನಿಗೆ ಗೋಡೆ ತುಂಬ ಬೀಗದ ಕೈಗಳು,
ಸಾವಿರದ ಚಿಲ್ಲರೆ,
ಒಂದಕ್ಕೂ ಇನ್ನೂ ಹಲ್ಲು ಮೂಡಿಲ್ಲ.

"ಮೊದಲು ಕಲ್ಲಿನ ಮೇಲೆ ಬೀಳಿಸಿ ಕೇಳು,"
ಹೊಸದಾಗಿ ಕೆಲಸಕ್ಕೆ ಸೇರಿದ ಬಾದ್ರಿಗೆ ಪಾಠ.
"ಹಿತ್ತಾಳೆ ಎರಡು ಸಲ ಉಲಿಯುತ್ತದೆ,
ಬಿದ್ದಾಗೊಮ್ಮೆ,
ಬಿದ್ದೆನಲ್ಲಾ ಎಂದು ಇನ್ನೊಮ್ಮೆ.
ಸತುವಿನದು ಹಸಿ ಹಿಟ್ಟಿನ ಮುದ್ದೆ,
ದೊಪ್ ಅಂದರೆ ಮುಗಿಯಿತು, ಮುಂದಕ್ಕೆ ಮಾತಿಲ್ಲ.
ಉಕ್ಕಿನದಂತೂ ಬೇಡವೇ ಬೇಡ,
ನನ್ನ ಚಕ್ರವನ್ನೇ ತಿಂದು ತೇಗುತ್ತದೆ.

ಆಮೇಲೆ ದೀಪಕ್ಕೆ ಹಿಡಿ. ಮೂತಿಯ ಕಡೆಯಿಂದ ನೋಡು.
ಎಡಕ್ಕೊಂದು ತಗ್ಗು, ಬಲಕ್ಕೊಂದು ದಿಬ್ಬ,
ಹಾವು ಅರ್ಧ ಹರಿದು ನಿಂತ ಹಾಗೆ ಒಂದು ಗೀರು.
ಯಾವ ಬೀಗದೊಳಗೆ ಹೋಗಬಹುದು ಅನ್ನುವುದನ್ನು
ಕಾರ್ಖಾನೆಯವರು ಹುಟ್ಟುವಾಗಲೇ ಬರೆದಿದ್ದಾರೆ.
ಯಾವುದು ತೆರೆಯುತ್ತದೆ ಅನ್ನುವುದು ಬಾಕಿ.
ಹಣೆಬರಹ ಅರ್ಧ ಅವರದು,
ಇನ್ನರ್ಧ ನಮ್ಮ ಅರದ್ದು.

ಹೆಗಲು ನೋಡಿದೆಯಾ? ತಲೆ ಮುಗಿದು
ಅಲಗು ಶುರುವಾಗುವ ಈ ಸಣ್ಣ ಮೆಟ್ಟಿಲು?
ಇದು ಕೂದಲೆಳೆಯಷ್ಟು ಜಾರಿದರೂ ಸಾಕು,
ಐದು ಹಲ್ಲೂ ಚೆಂದಕ್ಕೇ ಇರುತ್ತವೆ,
ತಪ್ಪು ಜಾಗದಲ್ಲಿ.
ಕೆಲವು ಮನುಷ್ಯರೂ..."
ಗಿರಾಕಿ ಬಂದ. ಮಾತು ಅಲ್ಲಿಗೇ ನಿಂತಿತು.

ಗಲ್ಲಾಪೆಟ್ಟಿಗೆಯ ಮೇಲೆ ದಾರಕ್ಕೆ ತೂಗುತ್ತದೆ
ಅಲಗು ಮುರಿದ ಒಂದು ತಲೆ.
ಬಾದ್ರಿ ಮೂರು ದಿನ ಕೇಳಲಿಲ್ಲ, ನಾಲ್ಕನೆಯ ದಿನ ಕೇಳಿದ.

ಎರಡು ಚಳಿಗಾಲದ ಹಿಂದೆ,
ಕಿಲೋ ಲೆಕ್ಕದಲ್ಲಿ ಅಗ್ಗಕ್ಕೆ ಬಂದವು ನಾನ್ನೂರು.
ಮೇಲೆ ನಿಕ್ಕಲ್ಲಿನ ಥಳುಕು, ಒಳಗೆ ಬರೀ ಸತು.
ಬೀಳಿಸಿ ಕೇಳಿದ್ದಳು ಚಿಯಾಲಾ. ದೊಪ್ ಎಂದದ್ದು ಕೇಳಿಸಿತ್ತು.
ಆ ತಿಂಗಳು ಗೂಡಿನ ಬಾಡಿಗೆ ಕೊಡುವುದಿತ್ತು.

ಗ್ಲ್ದಾನಿಯ ಎಂಟನೆಯ ಮಹಡಿ, ಲಮಾರಾ ಎಂಬವಳ ಮನೆ.
ಒಲೆಯ ಮೇಲೆ ಹುರುಳಿ, ತೊಟ್ಟಿಲಲ್ಲಿ ಕೂಸು,
ಕಸದ ಚೀಲ ಎಸೆದು ಬರಲು ಇಳಿದದ್ದು ಐದು ನಿಮಿಷ.
ಕೈ ಬೀಗದೊಳಗೆ ಹೋಯಿತು, ತಿರುಗಿತು ಕೂಡ,
ಬಾಗಿಲು ಮಾತ್ರ ಹಾಗೇ ಇತ್ತು.
ಪಕ್ಕದ ಮನೆಯವನು ಕೊಡಲಿ ತರುವ ಹೊತ್ತಿಗೆ
ಕದದಡಿಯಿಂದ ಹೊಗೆ.

ಕೂಸಿಗೇನೂ ಆಗಲಿಲ್ಲ. ನಿದ್ದೆಯಿಂದ ಏಳಲೂ ಇಲ್ಲ.
ಹೋದದ್ದು ಒಂದು ಪಾತ್ರೆ, ಒಂದು ಬಾಗಿಲು.
ಮರುದಿನ ಬಂದಳು ಲಮಾರಾ,
ಮುರಿದ ತಲೆಯನ್ನು ಹಲಗೆಯ ಮೇಲಿಟ್ಟಳು.
ಬೈಯಲಿಲ್ಲ.
"ಹೊಸ ಬೀಗ ಹಾಕಿಸಿದೆ. ಇನ್ನೊಂದು ಕೊರೆದುಕೊಡಿ,
ಅತ್ತೆಯ ಹತ್ತಿರ ಒಂದಿರಲಿ."

ಬೈದಿದ್ದರೆ ಮರೆಯುತ್ತಿದ್ದೆ, ಎನ್ನುತ್ತಾಳೆ ಚಿಯಾಲಾ.
ಉಳಿದದ್ದೆಲ್ಲ ಅಂದೇ ಗುಜರಿಗೆ.
ಬಾಡಿಗೆಗೆ ಕೊರಳಿನದು ಅಡವಿಟ್ಟಳಂತೆ, ಅದನ್ನು ಅವಳು ಹೇಳಲಿಲ್ಲ,
ಎದುರು ಗೂಡಿನ ಕಾಲುಚೀಲ ಮಾರುವವಳು ಹೇಳಿದಳು.

ಮೇಲಿನ ಸಾಲು, ಕೊನೆಯ ಕೊಕ್ಕೆ:
ಮುಚ್ಚಿಹೋದ ಕಾರ್ಖಾನೆಯ ದಪ್ಪ ಹಿತ್ತಾಳೆ.
ತಲೆಯ ಮೇಲೆ ಬೆಲೆ ಒತ್ತಿದ್ದಾರೆ, ಹನ್ನೆರಡು ಕೊಪೆಕ್.
ಆ ದುಡ್ಡೂ ಈಗಿಲ್ಲ, ಒತ್ತಿದ ದೇಶವೂ ಇಲ್ಲ.
ಎಲ್ಗುಜಾ ಎಂಬ ಮುದುಕ ವರ್ಷಕ್ಕೊಮ್ಮೆ ಬಂದು
ಟೋಪಿ ತೆಗೆದು ಕೇಳುತ್ತಾನೆ:
"ನಮ್ಮ ಬಾಗಿಲಿನವು ಇನ್ನೂ ಇವೆಯಾ?"
"ಇವೆ."
"ಎಷ್ಟು?"
ಕೊಳ್ಳುವುದಿಲ್ಲ. ಲೆಕ್ಕ ಕೇಳಿಕೊಂಡು ಹೋಗುತ್ತಾನೆ,
ಬ್ಯಾಂಕಿನಲ್ಲಿಟ್ಟವರ ಹಾಗೆ.

ಈ ಸಲ ಕೊಕ್ಕೆಯಲ್ಲಿದ್ದದ್ದು ಎರಡು.
ಬಾದ್ರಿ ಉತ್ತರಕ್ಕೆ ಬಾಯಿ ತೆರೆದಿದ್ದ.
"ಮೂರು," ಎಂದಳು ಚಿಯಾಲಾ,
ಅವನ ಕಡೆ ನೋಡದೆ.

ಮುದುಕ ತಲೆಯಾಡಿಸಿ ಮೆಟ್ಟಿಲು ಹತ್ತಿದ.
ಬಾದ್ರಿಯ ಜೇಬಿನಲ್ಲಿ
ಬೆಳಿಗ್ಗೆ ಅವನೇ ಕೆಡಿಸಿದ ಮೂರನೆಯದು.
ಅರ ಹಾಕಿರಲಿಲ್ಲ, ಹಲ್ಲುಗಳು
ಬೆರಳಿಗೆ ಚುಚ್ಚುತ್ತಿದ್ದವು.